ನೆರಳಿಲ್ಲದ ಮೋಡ

ಕಾರಿನ ಬಾಗಿಲು ತೆರೆದು ಮುದುಕರು ಒಂದು ಕಾಲನ್ನು ಹೊರಗಿಡುವಷ್ಟರಲ್ಲಿ ಮನೆಯ ಮಗಳು ಗೇಟಿನ ಚಿಲಕ ಹಾಕಿಬಿಟ್ಟಳು. ಹಾಕಿದ ಮೇಲೂ ಕೈ ತೆಗೆಯಲಿಲ್ಲ.

“ಯಾರೇ ಅದು?” ಚಿಕ್ಕಮ್ಮ ಹಿಂದಿನಿಂದ ಇಣುಕಿದಳು.

“ಅಮ್ಮನ ಆಫೀಸಿನ ಡೈರೆಕ್ಟರು.”

“ಇನ್ನೂ ಇದಾನಾ? ಅವನಿಗಿಂತ ಮುಂಚೆ ಅಕ್ಕ ಹೋದ್ಲಲ್ಲ, ದೇವರಿಗೂ ಕಣ್ಣು ಮಂಜಾಗಿದೆ.” ಅಷ್ಟು ಅಂದವಳೇ ದನಿ ತಗ್ಗಿಸಿ, ಸಾವಿನ ಮನೆಗೆ ಬಂದವರನ್ನು ಬೀದಿಯಲ್ಲಿ ನಿಲ್ಲಿಸಬಾರದು, ಬಾಗಿಲು ತೆಗೆ ಎಂದಳು.

ಮಗಳು ತಲೆಯಾಡಿಸಿದಳು. ಬೇರೆ ಯಾರಾದರೂ ಬರಲಿ, ಈ ಮನುಷ್ಯ ಮಾತ್ರ ಅಮ್ಮನ ಹತ್ತಿರ ಸುಳಿಯಕೂಡದು. ಇದು ಇವತ್ತು ಮಾಡಿದ ತೀರ್ಮಾನವಲ್ಲ. ಬುದ್ಧಿ ಬಂದಾಗಿನಿಂದ ಎದೆಯಲ್ಲಿ ಮಡಚಿಟ್ಟುಕೊಂಡಿದ್ದು. ಒಳಗೆ ಹಜಾರದಲ್ಲಿ ಬಿಳಿ ಹೊದಿಕೆಯ ಕೆಳಗೆ ಅಮ್ಮ ಮಲಗಿದ್ದಳು. ತಲೆಯ ಬಳಿ ಕುರ್ಚಿ ಹಾಕಿಕೊಂಡು ಅಪ್ಪ ಕೂತಿದ್ದ.

* * *

ಅಮ್ಮನ ಕೆಲಸ ಉಪಗ್ರಹ ಕಳಿಸಿದ ಚಿತ್ರಗಳನ್ನು ಓದುವುದು. ಯಾರಾದರೂ ‘ನೋಡುವ ಕೆಲಸ’ ಎಂದರೆ, “ನೋಡೋದು ಎಲ್ಲರೂ ನೋಡ್ತಾರೆ, ನಾನು ಓದ್ತೀನಿ” ಎಂದು ತಿದ್ದುತ್ತಿದ್ದಳು. ಬೂದು ಚುಕ್ಕೆಗಳ ರಾಶಿಯಲ್ಲಿ ಎಲ್ಲಿ ಕಾಡು ಕಡಿದಿದ್ದಾರೆ, ಯಾವ ಕೆರೆಗೆ ಹೂಳು ತುಂಬಿದೆ ಎಂದು ಬೆರಳಿಟ್ಟು ತೋರಿಸುವಳು. ಹಾಗೆ ಓದುತ್ತಲೇ ಒಂದು ಗಣಿಯ ಮಣ್ಣಿನ ಗುಡ್ಡೆಯ ಮೇಲೆ ಕೂದಲಷ್ಟು ಸಣ್ಣ ಬಿರುಕು ಕಂಡಳು. ಆಫೀಸಿಗೆ ಹೇಳಿದಳು. ಮಾತು ಆಫೀಸಿನಲ್ಲೇ ಉಳಿಯಿತು. ಮಳೆಗೆ ಗುಡ್ಡೆ ಜಾರಿ ಕೆಳಗಿದ್ದ ಕೂಲಿಯವರ ಶೆಡ್ಡುಗಳ ಮೇಲೆ ಬಿತ್ತು.

ವಿಚಾರಣೆಯಲ್ಲಿ ಕೇಳಿದರು, ನಿಮ್ಮ ಚಿತ್ರದಲ್ಲಿ ಇದು ಮೊದಲೇ ಕಂಡಿರಲಿಲ್ಲವೇ? ಅಮ್ಮ ಎದ್ದುನಿಂತು, ಕಂಡಿತ್ತು ಎಂದಳು. ಅವಳು ಬಿರುಕು ಕಂಡ ದಿನದ ಚಿತ್ರವನ್ನು ಪರದೆಯ ಮೇಲೆ ತೆರೆದರು. ಗುಡ್ಡೆಯ ಮೇಲೆ, ಸರಿಯಾಗಿ ಗುಡ್ಡೆಯ ಮೇಲೆಯೇ, ಬೆಳ್ಳಗೆ ಒಂದು ಮೋಡ ಕೂತಿತ್ತು.

ಯಾರೋ ನಕ್ಕರು. “ಮೇಡಂ ಮೋಡದ ಆಚೆಗೂ ನೋಡ್ತಾರೆ” ಎಂದರು. ಅದೇ ಅವಳ ಅಡ್ಡಹೆಸರಾಯಿತು: ಮೋಡದಾಚೆ ಮೇಡಂ.

ಅಮ್ಮ ಪರದೆಯನ್ನೇ ನೋಡುತ್ತಾ ಒಂದೇ ಮಾತು ಕೇಳಿದ್ದಳಂತೆ. “ನೆರಳೆಲ್ಲಿ?”

ಆಕಾಶದಲ್ಲಿರುವ ಮೋಡ ತನ್ನ ಕೆಳಗಲ್ಲ, ಸೂರ್ಯನಿಗೆ ಎದುರು ದಿಕ್ಕಿನಲ್ಲಿ, ಒಂದಿಷ್ಟು ಪಕ್ಕಕ್ಕೆ ನೆಲದ ಮೇಲೆ ನೆರಳು ಚೆಲ್ಲುತ್ತದೆ. ಚಿತ್ರ ಓದುವವರಿಗೆ ಅದು ಮೊದಲ ಪಾಠ. ಈ ಮೋಡಕ್ಕೆ ನೆರಳೇ ಇರಲಿಲ್ಲ. ವಿಚಾರಣೆಗೆ ಕೂತವರು, ಪಾಪ, ಏನೋ ಬಡಬಡಿಸುತ್ತಿದ್ದಾಳೆ ಅಂದುಕೊಂಡರು. ಪಾಠ ಗೊತ್ತಿದ್ದವರು ಮೇಜು ನೋಡುತ್ತಾ ಕೂತರು.

ಕೆಲಸ ಬಿಟ್ಟು ಅಮ್ಮ ಶಾಲೆಯೊಂದರಲ್ಲಿ ಭೂಗೋಳ ಕಲಿಸತೊಡಗಿದಳು. ಅದೇ ಆಫೀಸಿನ ಕಂಪ್ಯೂಟರ್ ಕೋಣೆಯಲ್ಲಿ ಚಿತ್ರಗಳನ್ನು ಅಣಿಗೊಳಿಸುತ್ತಿದ್ದ ಅಪ್ಪ ಅಲ್ಲೇ ಉಳಿದು, ಮೇಲೇರಿ, ನಿವೃತ್ತನಾದ. ಮೋಡ ಹಾಕಿದ್ದು ಯಾರು ಎಂದು ಮಗಳು ಕೇಳಿದಾಗಲೆಲ್ಲ ಅಮ್ಮ, “ಆಫೀಸಿನವರು” ಎನ್ನುತ್ತಿದ್ದಳು. ಆಫೀಸು ಎಂದರೆ ಡೈರೆಕ್ಟರು ಎಂದು ಮಗಳು ತಾನೇ ಅರ್ಥ ಮಾಡಿಕೊಂಡಳು. ತಾನೂ ಚಿತ್ರ ಓದುವುದನ್ನೇ ಕಲಿತಳು. ಆ ಆಫೀಸು ಕರೆದರೂ ಹೋಗಲಿಲ್ಲ. ಡೈರೆಕ್ಟರು ಬರುತ್ತಾರೆಂದು ಅಪ್ಪನ ಬೀಳ್ಕೊಡುಗೆಗೂ ಹೋಗಲಿಲ್ಲ. “ನಿನ್ನಿಷ್ಟ ಕಣಮ್ಮ” ಎಂದಿದ್ದ ಅಪ್ಪ, ಷರ್ಟಿನ ಗುಂಡಿ ಹಾಕಿಕೊಳ್ಳುತ್ತಾ.

ಅಮ್ಮನ ಆ ಪ್ರಶ್ನೆ ಮಾತ್ರ ಮನೆಯಲ್ಲಿ ತಮಾಷೆಯಾಗಿ ಉಳಿದಿತ್ತು. ಬಸ್ಸು ಕೆಟ್ಟಿತ್ತು, ಅದಕ್ಕೇ ತಡ ಎಂದು ಅಪ್ಪ ಹೇಳಿದರೆ, ತಟ್ಟೆಗೆ ಬಡಿಸುತ್ತಾ ಅಮ್ಮ ಕೇಳುವಳು: “ನೆರಳೆಲ್ಲಿ ರೀ?” ಮಗಳು ಹೊಟ್ಟೆ ಹಿಡಿದು ನಗುವಳು. ಅಪ್ಪನೂ ನಗುವನು. ಅವನ ಕಿವಿ ಕೆಂಪಾಗುತ್ತಿತ್ತು.

* * *

ಡೈರೆಕ್ಟರು ಕೋಲೂರಿಕೊಂಡು ಗೇಟಿನವರೆಗೆ ಬಂದರು. ತೆಗೆ ಎನ್ನಲಿಲ್ಲ. ಜೊತೆಯಲ್ಲಿ ಕೆಲಸ ಮಾಡಿದವಳು, ಇಲ್ಲೇ ಒಂದು ಗಳಿಗೆ ನಿಂತು ಹೋಗುತ್ತೇನೆ ಎಂದರು.

“ನಿಂತ್ಕೊಳ್ಳಿ ಸರ್. ಆದ್ರೆ ಒಂದು ಹೇಳಿ ಹೋಗಿ. ಆ ಮೋಡ ಯಾಕೆ ಹಾಕಿದ್ರಿ?”

ಅವರು ಅವಳ ಮುಖವನ್ನು, ಆಮೇಲೆ ಅವಳ ಹಿಂದಿನ ಬಾಗಿಲನ್ನು ನೋಡಿದರು.

“ನಾನು ಹಾಕ್ಲಿಲ್ಲಮ್ಮ. ನನಗೆ ಹಾಕೋಕೆ ಬರ್ತಾನೂ ಇರ್ಲಿಲ್ಲ. ಆಫೀಸು ಉಳಿಸೋ ದಾರಿ ಏನಾದ್ರೂ ಇದೆಯಾ ಅಂತ ಕೇಳಿದ್ದು ನಾನೇ, ಅದನ್ನ ಇಲ್ಲ ಅನ್ನಲ್ಲ. ಬೆಳಿಗ್ಗೆ ಬಂದು ನೋಡಿದ್ರೆ ಚಿತ್ರದಲ್ಲಿ ಮೋಡ ಇತ್ತು.” ಮತ್ತೆ ಬಾಗಿಲ ಕಡೆ ನೋಡಿದರು. “ಮನೇಲಿ ಹೇಳಿಲ್ವಾ?”

“ಯಾರು ಹೇಳ್ಬೇಕಿತ್ತು?”

ಮುದುಕರು ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು.

“ರಾಜೀನಾಮೆ ಕೊಡೋಕೆ ಬಂದಾಗ ನಿಮ್ಮಮ್ಮ ನನ್ನ ಮುಂದೆ ಅಂದಿದ್ರು. ‘ನೆರಳು ಮರೆಯೋರು ನಮ್ಮ ಆಫೀಸಲ್ಲಿ ಒಬ್ಬರೇ ಸರ್. ಎಷ್ಟು ಸಲ ತಿದ್ದಿದೀನಿ ಅವರನ್ನ.’”

ಚಿಲಕದ ಮೇಲಿದ್ದ ಅವಳ ಕೈ ತಾನಾಗಿಯೇ ಕೆಳಗೆ ಬಂತು.

ಒಳಗೆ ಅಪ್ಪ ಹೊದಿಕೆಯ ಅಂಚನ್ನು ನೇರ ಮಾಡುತ್ತಿದ್ದ. ಅವಳನ್ನು ಕಂಡೊಡನೆ, ಅವರು ಹೋದರಾ ಎಂದು ಕೇಳಿದ.

“ಅಪ್ಪ, ಆ ದಿನ ಮೋಡ ಇತ್ತಾ?”

ಬಂದು ಕೂತಿದ್ದವರು ಯಾವುದೋ ಹವಾಮಾನದ ಮಾತು ಎಂದುಕೊಂಡು ಸುಮ್ಮನಿದ್ದರು. ಅಪ್ಪನ ಬೆರಳು ಅಂಚಿನ ಮೇಲೆ ನಿಂತಿತು.

“ಇತ್ತು” ಎಂದ. ಆಮೇಲೆ, “ಹಳೇದೆಲ್ಲ ಈಗ್ಯಾಕಮ್ಮ” ಎಂದ.

ಅವನ ಕಿವಿ ಕೆಂಪಾಗಿತ್ತು. ಇಂಥ ಮಾತಿನ ಬೆನ್ನಿಗೇ ಬರುತ್ತಿದ್ದ ಆ ಪ್ರಶ್ನೆಗಾಗಿ ಅವಳ ಕಿವಿ ಅಭ್ಯಾಸಬಲದಿಂದ ಕಾದಿತು. ಯಾರೂ ಕೇಳಲಿಲ್ಲ. ಊಟದ ಹೊತ್ತಿಗೆಲ್ಲ ಅಮ್ಮ ಕೇಳುತ್ತಿದ್ದುದು ಬಸ್ಸಿನ ವಿಷಯವಲ್ಲ. ಕೇಳಿ, ಸೌಟು ಹಿಡಿದು, ಒಂದು ಕ್ಷಣ ನಿಲ್ಲುತ್ತಿದ್ದಳು. ಆ ಕ್ಷಣವನ್ನು ಪ್ರತಿಸಲವೂ ತುಂಬಿದ್ದು ಮಗಳ ನಗು. ಹೊದಿಕೆಯ ಕೆಳಗಿನ ಮುಖವನ್ನು ನೋಡಿ, ನೀನಾದರೂ ನನಗೆ ಹೇಳಬಾರದಿತ್ತಾ ಎನ್ನಬೇಕೆನಿಸಿತು. ಆ ಮುಖ ಎಂದಿನಂತೆ ಏನನ್ನೋ ಓದಿ ಮುಗಿಸಿದ ಹಾಗಿತ್ತು.

ಹೊರಗೆ ಹೋಗಿ ಚಿಲಕ ತೆಗೆದಳು. “ಒಳಗೆ ಬನ್ನಿ ಸರ್.”

ಚಿಕ್ಕಮ್ಮ ಇವಳನ್ನೂ ಅವರನ್ನೂ ಮಿಕಿಮಿಕಿ ನೋಡಿದಳು.

ವಾಹನ ಬರುವುದು ತಡವಾಯಿತು. ಅಮ್ಮನನ್ನು ಅಂಗಳಕ್ಕೆ ತಂದು ಬೆಂಚಿನ ಮೇಲೆ ಮಲಗಿಸಿ ಮುಖದ ಹೊದಿಕೆ ಸರಿಸಿದರು. ಆಕಾಶ ತೊಳೆದಿಟ್ಟಂತಿತ್ತು. ಬಿಳುಪು ಎನ್ನುವುದು ಹುಡುಕಿದರೂ ಇರಲಿಲ್ಲ. ಇಳಿಬಿಸಿಲು ನೇರವಾಗಿ ಅಮ್ಮನ ಮುಖಕ್ಕೆ ಹೊಡೆಯುತ್ತಿತ್ತು.

“ಬಿಸಿಲು ಅವಳಿಗೆ ಆಗ್ತಿರ್ಲಿಲ್ಲ” ಎಂದು ಅಪ್ಪ ಒಳಗೆ ಹೋಗಿ ಕೊಡೆ ತಂದ.

“ಇನ್ಯಾವ ಬಿಸಿಲು ಭಾವ ಅವಳಿಗೆ” ಎಂದಳು ಚಿಕ್ಕಮ್ಮ.

ಅಪ್ಪ ಕೇಳಿಸಿಕೊಳ್ಳಲಿಲ್ಲ. ತಲೆಯ ಬಳಿ ನಿಂತು ಕೊಡೆ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು, ಅಮ್ಮನ ಮುಖದ ನೇರ ಮೇಲಕ್ಕೆ ಎತ್ತಿದ. ಹಿಡಿತ ಅಲುಗಬಾರದೆಂದು ಕಣ್ಣನ್ನು ಕೊಡೆಯ ಮೇಲೇ ನೆಟ್ಟಿದ್ದ.

ಡೈರೆಕ್ಟರು ನೆಲ ನೋಡಿದರು. ಮಗಳೂ ನೋಡಿದಳು. ಬೆಂಚಿನ ಆಚೆ, ಖಾಲಿ ಅಂಗಳದ ಮೇಲೆ, ಕೊಡೆಯ ದುಂಡು ನೆರಳು ಬಿದ್ದಿತ್ತು. ಅಮ್ಮನ ಮುಖ ಪೂರ್ತಿ ಬಿಸಿಲಲ್ಲಿತ್ತು.

ಅವಳು ಅಪ್ಪನನ್ನು ತಿದ್ದಲಿಲ್ಲ.