ನೆಗ್ಗಿದ ಬಟ್ಟಲು

ಚರ್ಚಿನ ಬೆಳ್ಳಿ ಬಟ್ಟಲನ್ನು ತಿಕ್ಕುವ ಕೆಲಸ ಹನ್ನೆರಡು ವರ್ಷಗಳಿಂದ ಅಕ್ಕನದು. ಯಾರೂ ಹೇಳಿ ಮಾಡಿಸಿದ್ದಲ್ಲ. ಅವಳ ತಮ್ಮ ಇದೇ ಬಟ್ಟಲನ್ನು ಕದ್ದು ಓಡುವಾಗ ಸಿಕ್ಕಿಬಿದ್ದಿದ್ದ. ಅಂದೇ ಮನೆಯ ಮಾನ ಮೂರು ಕಾಸಿಗೆ ಹರಾಜಾಗಿತ್ತು. ಅವನು ಜೈಲಿಗೆ ಹೋದ, ಅಲ್ಲಿಂದ ಎತ್ತಲೋ ಹೋದ. ಬಟ್ಟಲು ಮಾತ್ರ ಬುಡ ನೆಗ್ಗಿಸಿಕೊಂಡು ವಾಪಸು ಬಂತು. ಪ್ರತಿ ಭಾನುವಾರ ಆ ನೆಗ್ಗು ಹೆಬ್ಬೆರಳಿಗೆ ತಾಗಿದರೆ ಸಾಕು, ಅಕ್ಕನ ಮೈ ಉರಿಯುತ್ತಿತ್ತು. ತಿಕ್ಕಿದಷ್ಟೂ ದೇವರಿಗೆ ತಾನು ಹತ್ತಿರವಾಗುತ್ತಿದ್ದೇನೆ ಎಂಬುದೊಂದೇ ಅವಳ ಸಮಾಧಾನ.

ಈ ಭಾನುವಾರ ಅರ್ಧ ತಿಕ್ಕಿರುವಾಗ ಪಾದ್ರಿಗಳು ಒಳಗೆ ಬಂದರು. ನಿನ್ನ ತಮ್ಮ ಮೊನ್ನೆಯೇ ಊರಿಗೆ ಬಂದಿದ್ದಾನೆ, ಇವತ್ತು ಪೂಜೆಯಲ್ಲಿ ಈ ಬಟ್ಟಲಿನಿಂದ ಎಲ್ಲರಿಗೂ ದ್ರಾಕ್ಷಾರಸ ಕೊಡುವವನು ಅವನೇ ಎಂದು ಸಲೀಸಾಗಿ ಹೇಳಿಬಿಟ್ಟರು. ಅಕ್ಕನ ಕೈಯಿಂದ ಬಟ್ಟೆ ಜಾರಿತು.

"ಕದ್ದವನ ಕೈಗೇ ಕೊಡ್ತೀರಾ, ಫಾದರ್?"

"ಅದನ್ನ ಮುಟ್ಟೋಕೆ ಅವನಿಗೆ ಧೈರ್ಯ ಇಲ್ಲಮ್ಮ. ಅದಕ್ಕೇ ಕೊಡ್ತಿದೀನಿ."

"ಹಾಗಾದ್ರೆ ನಾನು ಇಷ್ಟು ವರ್ಷ ತಿಕ್ಕಿದ್ದು?"

"ಒಂದು ದಿನವೂ ತಿಕ್ಕದೆ ಇದ್ದಿದ್ರೂ ದೇವರು ನಿನ್ನನ್ನ ಇಷ್ಟೇ ಪ್ರೀತಿಸ್ತಿದ್ದ."

ಕಪಾಳಕ್ಕೆ ಬಿಗಿದಂತಾಯಿತು. ತಮ್ಮನಿಗೆ ಕ್ಷಮೆ ಸಿಕ್ಕಿದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ತನ್ನ ಹನ್ನೆರಡು ವರ್ಷಕ್ಕೆ ಬೆಲೆಯೇ ಇಲ್ಲವೆ? ಅಷ್ಟರಲ್ಲಿ ಪೂಜೆಯ ಗಂಟೆ ಹೊಡೆಯಿತು. ಅರ್ಧ ಬೆಳಗಿದ ಬಟ್ಟಲನ್ನು ಪಾದ್ರಿಗಳು ಹಾಗೆಯೇ ತೊಳೆದು ಎತ್ತಿಕೊಂಡು ಹೋದರು. ಅವಳು ದಿಕ್ಕು ತೋಚದೆ ಮೊದಲ ಬೆಂಚಿನಲ್ಲಿ ಕೂತಳು. ಅವನ ಕೈಯಿಂದ ತಾನು ಕುಡಿಯುವುದುಂಟೆ? ಎದ್ದು ಹೋದರೆ ಇಡೀ ಚರ್ಚು ನೋಡುತ್ತದೆಂದು ಕೂತೇ ಇದ್ದಳು.

ತಮ್ಮ ಬಂದ. ತಲೆಗೂದಲು ಅರ್ಧ ಉದುರಿತ್ತು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಹೆಬ್ಬೆರಳು ಸರಿಯಾಗಿ ಆ ನೆಗ್ಗಿನ ಮೇಲೇ ಕೂತಿತ್ತು.

"ಅಕ್ಕಾ, ಇದು ನಿನಗಾಗಿ," ಎಂದ. ಬಟ್ಟಲು ಕೊಡುವಾಗ 'ಇದು ನಿನಗಾಗಿ' ಎಂಬುದು ಎಲ್ಲರಿಗೂ ಹೇಳುವ ಮಾತೇ. 'ಅಕ್ಕಾ' ಎಂಬುದೊಂದೇ ಅವನು ಸೇರಿಸಿದ್ದು.

ಬೇಡವೆನ್ನಲು ಅವಳು ಕೈ ಎತ್ತಿದಳು, ಎತ್ತಿದ್ದೇ ಬೆಚ್ಚಿ ಸೆರಗಿನಲ್ಲಿ ಮುಚ್ಚಿಕೊಂಡಳು. ಎರಡೂ ಕೈಗೆ ಬೆಳ್ಳಿ ತಿಕ್ಕಿದ ಮಸಿ. ಹನ್ನೆರಡು ವರ್ಷಗಳಲ್ಲಿ ಮೊದಲ ಸಲ ಕೈ ತೊಳೆಯುವುದನ್ನೇ ಮರೆತು ಬಂದಿದ್ದಳು. ಇಂಥ ಕೈ ಹೊತ್ತು ದೇವರ ಎದುರು ಹೇಗೆ ಕೂತೆನೆಂದು ಅವಳಿಗೆ ಅಳುವೇ ಬಂತು.

ಮುಚ್ಚುವ ಮೊದಲೇ ತಮ್ಮ ಆ ಕೈಗಳನ್ನು ನೋಡಿದ್ದ. ಬಟ್ಟಲನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅಕ್ಕ ಸೆರಗು ಸರಿಸಿ, ಅದೇ ಮಸಿಗೈಯಲ್ಲಿ ಬಟ್ಟಲು ಹಿಡಿದು ಕುಡಿದಳು.