ಉಜ್ಜದೆ ಬಿಟ್ಟ ಪಾತ್ರೆ

ಎದಿನಾಲ್ದು ಹೊಳೆಯ ಪಾಲಾಗಿ ಎರಡು ತಿಂಗಳಾಗಿತ್ತು. ಅವನು ಮಾರಲೆಂದು ಹಿಡಿದಿದ್ದ ಬಣ್ಣದ ಮೀನುಗಳನ್ನು ದೋಣಿಯವರು ಮನಾವುಸ್ ಪೇಟೆಗೆ ಒಯ್ದಿದ್ದರು. ಕಿಟಕಿಯ ಗಾಜಿನ ತೊಟ್ಟಿಯಲ್ಲಿ ಒಂದು ಅಕಾರಿ ಮಾತ್ರ ಉಳಿದಿತ್ತು. ಗಾಜಿಗೆ ಬಾಯಿ ಒತ್ತಿ ಪಾಚಿ ಕೆರೆದು ತಿನ್ನುವ, ಬೆರಳುದ್ದದ ಕಪ್ಪು ಮೀನು. ಬೇರೇನು ಹಾಕಿದರೂ ಮೂಸುತ್ತಿರಲಿಲ್ಲ. ಅವನಿದ್ದಾಗ ಪಾಚಿಗಟ್ಟಿದ ಕಲ್ಲುಗಳನ್ನು ತರುತ್ತಿದ್ದ. ಈಗ ರಿಯೊ ನೆಗ್ರೊ ಹೊಳೆ ಏರಿ ದಡದ ಕಲ್ಲುಗಳೆಲ್ಲ ಮುಳುಗಿದ್ದವು.

ಹಾಗಾಗಿ ಅವನ ಹೆಂಡತಿ ಜಾಂದೀರಾ ತಾನೇ ಪಾಚಿ ಬೆಳೆಸತೊಡಗಿದಳು. ತೊಟ್ಟಿಯನ್ನು ಬಿಸಿಲಿಗೆ ತಿರುಗಿಸಿಟ್ಟು ಕಾದಳು. ಹತ್ತನೆಯ ದಿನ ಗಾಜಿನ ಮೇಲೆ ಯಾರೋ ಉಸಿರು ಬಿಟ್ಟಂತೆ ಹಸಿರು ಮಬ್ಬು. ಮಧ್ಯಾಹ್ನ ಆ ಬೆಳಕು ನೆಲದ ಮೇಲೆ ಅಲುಗುವಾಗ ಇಡೀ ಕೋಣೆ ನೀರಿನಡಿಗೆ ಇಳಿದಂತಿರುತ್ತಿತ್ತು. ಅವಳು ಅದರೊಳಗೆ ಸುಮ್ಮನೆ ಕುಳಿತಿರುತ್ತಿದ್ದಳು.

ಅತ್ತೆ ದೋನಾ ಜುಲ್ಮೀರಾ ಪಾತ್ರೆ ಬೆಳಗುವುದರಲ್ಲಿ ಬೀದಿಗೇ ಹೆಸರಾದವಳು. ಮರಳು ಹಾಕಿ ಉಜ್ಜಿದ ಅಲ್ಯೂಮಿನಿಯಂ ಪಾತ್ರೆಗಳು ಗೋಡೆಯ ಮೇಲೆ ಕನ್ನಡಿಗಳಂತೆ ಸಾಲಾಗಿ ಹೊಳೆಯುತ್ತಿದ್ದವು. ಮಗ ಹೋದ ಮೇಲೆ ದಿನಕ್ಕೆರಡು ಸಲ ಉಜ್ಜುತ್ತಿದ್ದಳು.

ಒಂದು ಬೆಳಿಗ್ಗೆ ಜಾಂದೀರಾ ಮರಗೆಣಸಿನ ಹಿಟ್ಟು ತಂದು ಒಳಬಂದರೆ, ಗಾಜೇ ಇಲ್ಲವೇನೋ ಎಂಬಷ್ಟು ತೊಟ್ಟಿ ತಿಳಿಯಾಗಿತ್ತು. ಅಕಾರಿ ಗಾಳಿಯಲ್ಲಿ ತೂಗಿಬಿಟ್ಟಂತೆ ನಿಂತಿತ್ತು.

"ಗಂಡ ಹೋದ ಅಂತ ಮನೇನೂ ಪಾಚಿಗಟ್ಟಬೇಕಾ ಮಗಳೇ?" ಎಂದಳು ಅತ್ತೆ. "ಬಂದೋರು ನನ್ನ ಮುಖಕ್ಕೆ ಉಗೀತಾರೆ."

"ಅದು ಮೀನಿನ ಊಟ ಅತ್ತೆ. ಅವರು ತಂದ ಮೀನು. ಹೊಟ್ಟೆ ಆಗ್ಲೇ ಒಳಕ್ಕೆ ಹೋಗಿದೆ."

ಅತ್ತೆ ಕೈಯಲ್ಲಿ ನಾರು ಹಿಡಿದೇ ಬಗ್ಗಿ ಮೀನನ್ನು ನೋಡಿದಳು.

ಮರುದಿನ ಗೋಡೆಯ ಸಾಲಿನಲ್ಲಿ ಎಲ್ಲಕ್ಕಿಂತ ದೊಡ್ಡ ಪಾತ್ರೆ ಇರಲಿಲ್ಲ. ಅದು ಅಂಗಳದ ಬಿಸಿಲಿನಲ್ಲಿತ್ತು. ತುಂಬ ಹೊಳೆಯ ನೀರು, ತಳದಲ್ಲಿ ಅಂಗಳದಲ್ಲೇ ಆಯ್ದ ಚಪ್ಪಟೆ ಕಲ್ಲುಗಳು. ಅಂಟಿದ್ದ ಪಾಚಿ ಇಳಿಯಲೆಂದು ತೊಟ್ಟಿ ಉಜ್ಜಿದ ನಾರನ್ನೇ ಅತ್ತೆ ಅದರಲ್ಲಿ ಹಿಂಡಿದ್ದಳು. ಕೋಳಿಗಳನ್ನು ಓಡಿಸುತ್ತ ಪಕ್ಕದಲ್ಲೇ ಕುಳಿತಿದ್ದಳು. ದಿನ ಕಳೆದಂತೆ, ದೋನಾ ನಿಮ್ಮ ಪಾತ್ರೆಗೂ ಪಾಚಿ ಹಿಡೀತಲ್ಲ, ಕೈ ಸೋತಿತಾ ಎಂದು ಬೀದಿಯವರು ಛೇಡಿಸಿದರು. ಹಿಡೀಲಿ ಬಿಡಿ ಎಂದಳು.

ಅಕಾರಿ ತಳ ಬಿಟ್ಟು ಏಳುವುದನ್ನೇ ನಿಲ್ಲಿಸಿತು. ಎಂಟನೆಯ ದಿನ ಇಬ್ಬರೂ ಹಸಿರಾದ ಒಂದು ಕಲ್ಲನ್ನು ತೊಟ್ಟಿಗಿಳಿಸಿದರು. ಮೀನು ಬಹಳ ಹೊತ್ತು ಅಲುಗಲಿಲ್ಲ. ಆಮೇಲೆ ನಿಧಾನವಾಗಿ ಕಲ್ಲಿಗೆ ಬಾಯಿ ಒತ್ತಿತು. ಹಸಿರಿನ ನಡುವೆ ಸಣ್ಣ ದಾರಿಯೊಂದು ಮೂಡತೊಡಗಿತು.

"ಅವನೂ ಹಂಗೇ," ಎಂದಳು ಅತ್ತೆ. "ಕರೆದ ಕೂಡ್ಲೇ ಊಟಕ್ಕೆ ಎಲ್ಲಿ ಬರ್ತಿದ್ದ."

ಜಾಂದೀರಾ ಅಂಗಳಕ್ಕಿಳಿದು ಪಾತ್ರೆಗೆ ಇನ್ನೆರಡು ಕಲ್ಲು ಹಾಕಿದಳು.