ಬಚ್ಚಲಿನ ಕೆಳಗಿನ ಕೋಣೆ

ಮಂಡಿಯ ಕೆಳಗೆ ಮಹಡಿಯ ಬಚ್ಚಲಿನ ನೆಲ ಕಿರ್ರೆಂದಿತು. ಅಂಟು ಮೆತ್ತಿದ ಟೈಲ್ಸೊಂದನ್ನು ಎರಡೂ ಕೈಯಲ್ಲಿ ಹಿಡಿದಿದ್ದವಳು ಇದ್ದಲ್ಲೇ ಮರಗಟ್ಟಿದಳು. ಮನೆ ಹಳೆಯದು, ಮರದ್ದು. ಕಿರುಗುಟ್ಟುವುದು ಅದರ ಹುಟ್ಟುಗುಣ. ಆದರೆ ಈ ಸದ್ದು ಬೇರೆ. ಒದ್ದೆ ಬಟ್ಟೆಯನ್ನು ಯಾರೋ ಮೆಲ್ಲಗೆ ಹರಿದ ಹಾಗೆ ಒಳಗಿನಿಂದ ಎಳೆದೆಳೆದು ಬಂದಿತ್ತು. ಅದರ ಬೆನ್ನಿಗೇ, ಆಗತಾನೇ ಕೂರಿಸಿದ ಎರಡು ಸಾಲುಗಳ ನಡುವಿನ ಸಂದು ಕೂದಲೆಳೆಯಷ್ಟು ಅಗಲವಾದದ್ದನ್ನು ಅವಳು ಕಣ್ಣಾರೆ ಕಂಡಳು.

ಬಚ್ಚಲಿನ ನೇರ ಕೆಳಗೆ ಅತ್ತೆಯ ಕೋಣೆ. ನೀರು ಹೋಗುವ ಮೂಲೆಯ ಕೆಳಗೆ ಸರಿಯಾಗಿ ಅತ್ತೆಯ ಮಂಚ. ಸೊಂಟ ಮುರಿದ ಮೇಲೆ ಅವರಿಗೆ ಮಗ್ಗುಲು ಬದಲಿಸುವುದಕ್ಕೂ ಇನ್ನೊಬ್ಬರ ಕೈ ಬೇಕು.

"ಅತ್ತೇ!" ಕೂಗಿದಳು. "ಅತ್ತೇ, ಸ್ವಲ್ಪ ಮೇಲೆ ನೋಡಿ. ಏನಾದ್ರೂ ಅಲ್ಲಾಡ್ತಿದೆಯಾ?"

"ಅಲ್ಲಾಡೋಕೆ ಅದೇನು ತೊಟ್ಟಿಲಾ? ಸುಮ್ನೆ ನಿನ್ನ ಕೆಲಸ ನೋಡು."

ಬಚ್ಚಲಿನ ಹಲಗೆಗಳ ಸಂದಿನಲ್ಲಿ ನೀರು ಇಳಿದು ಅತ್ತೆಯ ಕೋಣೆಯ ಚಾವಣಿಯಲ್ಲಿ ಕಲೆ ಮೂಡಿ ಬಹಳ ದಿನವಾಗಿತ್ತು. ಕಳೆದ ವಾರ ಗಂಡ ತಟ್ಟೆಯಿಂದ ತಲೆ ಎತ್ತದೆ ಹೇಳಿದ್ದ: "ಇನ್ನೊಂದ್ಸಲ ಅಮ್ಮನ ಹಾಸಿಗೆ ಒದ್ದೆಯಾದ್ರೆ ಅಕ್ಕನ ಮನೇಲಿ ಬಿಟ್ಟು ಬರ್ತೀನಿ. ರಿಪೇರಿ ಮುಗಿಯೋ ತನಕ ಅಷ್ಟೆ." ಈ ಮನೆಯಲ್ಲಿ ರಿಪೇರಿ ಮುಗಿದ ಇತಿಹಾಸವಿಲ್ಲವೆಂಬುದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಮರುದಿನ ಅವನು ಕೆಲಸದ ಮೇಲೆ ಪರವೂರಿಗೆ ಹೋದ. ಗಾರೆ ಕೆಲಸದವರು ಮರದ ನೆಲ ಎಂದ ಕೂಡಲೇ ಕೈ ಮುಗಿದು ಜಾರಿಕೊಂಡರು. "ಟೈಲ್ಸ್ ನಾನೇ ಹಾಕ್ತೀನಿ ಬಿಡಿ" ಎಂದು ಅತ್ತೆಗೆ ಹೇಳಿದ್ದಳು. ಬೇಲಿಗೊಮ್ಮೆ ಬಣ್ಣ ಹೊಡೆದದ್ದು ಬಿಟ್ಟರೆ ಅವಳ ಕೈ ಇಂಥ ಕೆಲಸ ಕಂಡದ್ದಿಲ್ಲ.

ಟೈಲ್ಸ್ ಅಂಗಡಿಯವನು ಬಿಡಿಸಿ ಬಿಡಿಸಿ ಹೇಳಿದ್ದ. "ಮರ ಬಾಗುತ್ತೆ ಅಕ್ಕಾ, ಟೈಲ್ಸ್ ಬಾಗಲ್ಲ. ಕೊಳೆತ ಹಲಗೆ ಇದ್ರೆ ಮೊದ್ಲು ಕಿತ್ತು ಬಿಸಾಕಿ. ಅಡಿಯ ತೊಲೆ ಗಟ್ಟಿ ಇದೆಯಾ ನೋಡಿ. ಆಮೇಲೆ ಸಿಮೆಂಟ್ ಶೀಟ್ ಹಾಸಿ, ಸ್ಕ್ರೂ ಹೊಡೀರಿ. ಅದರ ಮೇಲೆ ಟೈಲ್ಸು."

ಒಂದನ್ನು ಬಿಟ್ಟು ಎಲ್ಲವನ್ನೂ ಹಾಗೆಯೇ ಮಾಡಿದ್ದಳು. ಸ್ಕ್ರೂಡ್ರೈವರಿನಿಂದ ಹಲಗೆಗಳನ್ನು ಚುಚ್ಚಿ ನೋಡುವಾಗ ಎಲ್ಲ ಕಡೆ ಟಕ್ ಎಂದದ್ದು ಆ ಮೂಲೆಯಲ್ಲಿ ಮಾತ್ರ ಕಳಿತ ಬಾಳೆಹಣ್ಣಿಗೆ ಹೋದ ಹಾಗೆ ಸದ್ದಿಲ್ಲದೆ ಇಳಿದುಹೋಗಿತ್ತು. ಮೊನೆಯನ್ನು ಒರೆಸಿಕೊಂಡು ಲೆಕ್ಕ ಹಾಕಿದ್ದಳು. ಒಂದು ಹಲಗೆ ಕಿತ್ತರೆ ಪಕ್ಕದ್ದು, ಅದರ ಪಕ್ಕದ್ದು. ಬಿಚ್ಚಲು ಯಾರಿಗಾದರೂ ಬಂದೀತು, ಮತ್ತೆ ಕೂರಿಸುವವರು ಯಾರು? ಕೊನೆಗೆ ಕೆಳಗಿದ್ದ ಅತ್ತೆಗೆ ಮೇಲೆ ನೋಡುತ್ತಿರಲು ಹೇಳಿ, ಮೂಲೆಯಲ್ಲಿ ನಿಂತು ಕುಪ್ಪಳಿಸಿದಳು.

"ಬಂಡೆ ಕಣೇ, ಬಂಡೆ!" ಎಂದಿದ್ದರು ಅತ್ತೆ. "ಆನೆ ತಂದು ಕಟ್ಟು ಬೇಕಾದ್ರೆ."

ತನ್ನ ಕೈ ಕಂಡದ್ದಕ್ಕಿಂತ ಅತ್ತೆಯ ಮಾತು ನಂಬಲು ಹಗುರವಾಗಿತ್ತು. ಶೀಟು ಹಾಸಿ ಮೂಲೆ ಮುಚ್ಚಿದಳು. ಅಲ್ಲಿಂದ ಟೈಲ್ಸಿನ ಒಂದೊಂದು ಪೆಟ್ಟಿಗೆ ಮೆಟ್ಟಿಲು ಹತ್ತಿಸುವಾಗಲೂ ಅದೇ ಪ್ರಶ್ನೆ. ಇಷ್ಟು ಭಾರವನ್ನು ಹೊರುವವರು ಯಾರು?

ಈಗ ಹಿಡಿದ ಟೈಲ್ಸನ್ನು ಹೊಸಿಲ ಆಚೆಗೆ ಇಟ್ಟು, ಅಂಬೆಗಾಲಿಕ್ಕಿ ಹಿಂದೆ ಸರಿದಳು. ಕೈ ಊರಿದಲ್ಲಿ ಮತ್ತೆ ಅದೇ ಸದ್ದು. ಕೆಳಗಿನಿಂದ ಕೆಮ್ಮು. ಸಣ್ಣದು, ಹೊದಿಕೆಯೊಳಗೆ ಅದುಮಿದ್ದು. ಕೆಮ್ಮಿದರೆ ಬೀದಿಯ ತುದಿಗೆ ಕೇಳಬೇಕೆನ್ನುವ ಹೆಂಗಸು ಕೆಮ್ಮನ್ನು ಯಾಕೆ ಮುಚ್ಚಿಡಬೇಕು? ಅವಳಿಗೆ ಮೆಟ್ಟಿಲು ಇಳಿದದ್ದೇ ಗೊತ್ತಾಗಲಿಲ್ಲ.

ಅತ್ತೆ ಕತ್ತಿನವರೆಗೆ ಹೊದ್ದು ಕಿಟಕಿ ನೋಡುತ್ತಾ ಮಲಗಿದ್ದರು, ಬೆಣ್ಣೆ ಕದ್ದ ಬೆಕ್ಕಿನ ಹಾಗೆ. ಹುಬ್ಬಿನ ಮೇಲೆ ಬಿಳಿ ಪುಡಿ. ಒಂದು ಮುಷ್ಟಿ ಹೊದಿಕೆಯೊಳಗೆ.

"ಕೈಯಲ್ಲೇನು ಅತ್ತೆ?"

"ಬಿಸ್ಕತ್ತು."

ಒಂದೊಂದೇ ಬೆರಳು ಬಿಡಿಸಿದಳು. ಅಂಗೈಯಗಲದ ಗಾರೆ ಚಕ್ಕೆ. ದಿಂಬೆತ್ತಿದರೆ ಅಲ್ಲೂ ಚಕ್ಕೆಗಳು. ದೊಡ್ಡವು ಅಡಿಗೆ, ಚಿಕ್ಕವು ಮೇಲೆ, ನೀಟಾಗಿ ಪೇರಿಸಿದ್ದವು. ತಲೆ ಎತ್ತಿದಳು. ಚಾವಣಿ ತುಂಬು ಬಸುರಿಯ ಹೊಟ್ಟೆಯಂತೆ ಇಳಿಬಿದ್ದಿತ್ತು. ಮೂಲೆಯಿಂದ ಒಂದು ಬಿರುಕು ಹೊರಟು ಮಂಚದ ಮೇಲ್ಗಡೆವರೆಗೂ ಬಂದಿತ್ತು.

"ಬಂಡೆ ಅಂದ್ರಲ್ಲ!" ಎಂದಳು. "ತಲೆ ಮೇಲೆ ಬಿದ್ದಿದ್ರೆ?"

"ಬಿದ್ದಿದ್ರೆ ಇಲ್ಲೇ ಬೀಳ್ತಿತ್ತು. ನನ್ನ ಕೋಣೇಲಿ."

"ಏನತ್ತೆ ಹಾಗಂದ್ರೆ?"

"ಕಾಲು ಹೋಗಿದೆ, ಕಿವಿ ಹೋಗಿಲ್ಲ ಕಣೇ. ಅವನು ಅವತ್ತು ಊಟಕ್ಕೆ ಕೂತು ಹೇಳಿದ್ದು ಕೇಳಿಸ್ತು. ಮಗಳ ಮನೆಗೆ ಹೋಗಿ ಮೂಲೇಲಿ ಕೊಡೆ ಥರ ಒರಗಿಕೊಂಡಿರಲಾ? ಅವಳು ಬೆಳಿಗ್ಗೆ ಬಾಗಿಲು ಹಾಕ್ಕೊಂಡು ಹೋದ್ರೆ ಕತ್ತಲಾದ ಮೇಲೇ ಬರೋದು. ಇಲ್ಲಾದ್ರೆ ಬೈಯೋಕೆ ನೀನಾದ್ರೂ ಇದ್ದೀಯ."

ಮೇಲೆ ಮತ್ತೆ ಒದ್ದೆ ಬಟ್ಟೆ ಹರಿದ ಸದ್ದು. ಹೊದಿಕೆಯ ಮೇಲೆ ಪುಡಿ ಉದುರಿತು. ಅವಳು ಮಾತು ಬಿಟ್ಟು ಮಂಚದ ತಲೆಗಂಬಿ ಹಿಡಿದು ಎಳೆದಳು. ಕಬ್ಬಿಣದ ಮಂಚ, ಮಿಸುಕಲಿಲ್ಲ. ಹಿಂದೆ ಹೋಗಿ ಬೆನ್ನು ಕೊಟ್ಟು ನೂಕಿದಳು. ಚಾವಣಿಯ ಹೊಟ್ಟೆ ಈಗ ಅವಳ ನೆತ್ತಿಯ ಮೇಲೆಯೇ. ನೋಡಬಾರದೆಂದು ಕಣ್ಣು ಮುಚ್ಚಿ ನೂಕಿದಳು. ಮಂಚ ಕೀರಲು ಸದ್ದು ಮಾಡುತ್ತಾ ಬಾಗಿಲವರೆಗೆ ಬಂದು ನಿಂತುಬಿಟ್ಟಿತು. ಕಣ್ಣು ಬಿಟ್ಟು ತಿರುಗಿದರೆ ಅತ್ತೆ ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದಿದ್ದರು.

"ಬಿಡಿ ಅತ್ತೆ!"

"ಬಿಡಲ್ಲ. ಒಂದ್ಸಲ ಹೊಸಿಲು ದಾಟಿಸಿದ್ರೆ ಮುಗೀತು ನನ್ನ ಕಥೆ."

"ಮುಂದಿನ ಕೋಣೆಗೆ ಅಷ್ಟೆ. ದಮ್ಮಯ್ಯ ಅಂತೀನಿ, ಬಿಡಿ. ಅದಕ್ಕಿಂತ ಒಂದು ಹೆಜ್ಜೆ ಆಚೆಗೂ ಕಳಿಸಲ್ಲ ನಾನು."

"ಅವನು ಬಂದು ಏನಂತಾನೋ."

"ಅನ್ಲಿ. ನೀವು ಬಿಡದಿದ್ರೆ ನಾನೂ ಇಲ್ಲೇ ಇರ್ತೀನಿ, ಇದರ ಕೆಳಗೇ."

ಅತ್ತೆ ಕತ್ತು ಹೊರಳಿಸಿ ಸೊಸೆಯ ತಲೆಯ ಮೇಲೆ ಇಳಿಬಿದ್ದುದನ್ನು ನೋಡಿದರು. ಬೆರಳುಗಳು ಸಡಿಲವಾದವು.

ಮಂಚವನ್ನು ಮುಂದಿನ ಕೋಣೆಗೆ, ಬೀದಿ ಬಾಗಿಲ ಬಳಿಗೆ ಮುಟ್ಟಿಸಿ ಅವಳು ಮತ್ತೆ ಮೇಲೆ ಹೋದಳು. ಭಾರ ಇಳಿಸದೆ ಬಿಟ್ಟರೆ ಪಕ್ಕದ ತೊಲೆಗಳನ್ನೂ ಎಳೆದುಕೊಂಡೇ ಬಿದ್ದೀತು ಎನಿಸಿತ್ತು. ಬಚ್ಚಲಿನ ಹೊಸಿಲಿನಿಂದಾಚೆಗೆ ಕಾಲಿಡುವ ಧೈರ್ಯವಾಗಲಿಲ್ಲ. ಹೊರಗೆ ಬೋರಲು ಮಲಗಿ, ಕೈ ಚಾಚಿ, ಇನ್ನೂ ಒಣಗದ ಅಂಟಿನಿಂದ ಟೈಲ್ಸನ್ನು ಒಂದೊಂದಾಗಿ ಕರಣೆಯಿಂದ ಎಬ್ಬಿಸಿ ಹಿಂದಕ್ಕೆ ಸರಿಸಿದಳು. ಬೆಳಗಿನಿಂದ ಅಳೆದು, ದಾರ ಕಟ್ಟಿ, ಉಸಿರು ಹಿಡಿದು ಕೂರಿಸಿದ್ದವು. ಪಚಕ್ ಪಚಕ್ ಎಂದು ಏಳುತ್ತಿದ್ದವು. ಮೂಲೆಯವು ಮಾತ್ರ ಕೈಗೆ ಎಟುಕಲಿಲ್ಲ. ಎದೆಯನ್ನು ಒಂದಿಷ್ಟು ಮುಂದಕ್ಕೆ ತೆವಳಿಸಿದಳು, ಅಷ್ಟೆ. ಮೂಲೆ ಬಾಗಿ ನಮಸ್ಕಾರ ಮಾಡಿದ ಹಾಗೆ ಮಾಡಿ, ಶೀಟು, ಟೈಲ್ಸು, ಹಲಗೆ ಸಮೇತ ಕಣ್ಮರೆಯಾಯಿತು.

ಆ ಸದ್ದಿಗೆ ಮನೆಯೇ ಅದುರಿತು.

"ಏ ಹುಡುಗೀ!" ಅತ್ತೆ ಚೀರಿದರು. ಆ ದನಿಯನ್ನು ಅವಳು ಇಷ್ಟು ವರ್ಷಗಳಲ್ಲಿ ಕೇಳಿರಲಿಲ್ಲ. "ಏ ಹುಡುಗೀ, ಇದ್ದೀಯೇನೇ?"

ಬಾಯಲ್ಲಿ ಪುಡಿ ತುಂಬಿತ್ತು. ಉಗುಳಿದಳು. "ಇದ್ದೀನಿ."

"ಜೋರಾಗಿ ಹೇಳು!"

"ಇದ್ದೀನಿ ಅತ್ತೆ!"

ಸಂಜೆ ಗಂಡ ಪರವೂರಿನಿಂದ ಬಂದಾಗ ಬೀದಿ ಬಾಗಿಲು ಅರ್ಧ ತೆರೆದು, ಮಂಚಕ್ಕೆ ಬಡಿದು ಠಣ್ ಎಂದು ನಿಂತಿತು. ಎರಡು ಸಲ ನೂಕಿದ. "ಏನಿದು? ಬಾಗಿಲು ತೆಗೀತಿಲ್ಲ!"

"ಅದು ಇನ್ಮೇಲೆ ಅಷ್ಟೇ ತೆಗೆಯೋದು" ಎಂದಳು ಒಳಗಿನಿಂದ. ಅವಳು ಮಂಚದ ಅಂಚಿನಲ್ಲಿ ಕೂತು ಅತ್ತೆಯ ಕೂದಲಿನಿಂದ ಪುಡಿಯನ್ನು ಬಾಚುತ್ತಿದ್ದಳು. "ಓರೆಯಾಗಿ ಬನ್ನಿ."

ಸಂದಿನಲ್ಲಿ ಮೊದಲು ಚೀಲ ಬಂತು, ಆಮೇಲೆ ಒಂದು ಭುಜ. ಅತ್ತೆ ಕಾಲ ಬಳಿಯ ಹೊದಿಕೆಯನ್ನು ಕೈ ಚಾಚಿ ಸ್ವಲ್ಪ ಈಚೆಗೆ ಎಳೆದುಕೊಂಡರು. ಅವನು ಹೊಟ್ಟೆ ಒಳಗೆಳೆದು, ಉಸಿರು ಕಟ್ಟಿ, ಗೋಡೆಗೆ ಬೆನ್ನು ಉಜ್ಜುತ್ತಾ ತನ್ನ ಮನೆಯೊಳಗೆ ಇಷ್ಟಿಷ್ಟೇ ಬರತೊಡಗಿದ.